ಇನ್ಸುಲಿನ್ ಬಿಡಿಸೋ ಸ್ಟೆಮ್ ಸೆಲ್ ಬಂದಿದೆಯಂತೆ, ಹೌದಾ ಡಾಕ್ಟರ್?

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕು. ನಾನು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ 11 ವರ್ಷ. ಟೈಪ್ 1 ಶುಗರ್ ಬಂದು ಮೂರು ವರ್ಷ ಆಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚುತ್ತೇವೆ. ಅಮೆರಿಕ, ಚೀನಾದಲ್ಲಿ ಸ್ಟೆಮ್ ಸೆಲ್ ಹಾಕಿ ಶುಗರ್ ವಾಸಿ ಮಾಡಿದ್ದಾರೆ ಅಂತ ಪೇಪರ್‌ನಲ್ಲಿ ಓದಿದೆ. ದೊಡ್ಡ ಊರಿನ ಒಂದು ಕ್ಲಿನಿಕ್‌ನವರು ಅದೇ ಟ್ರೀಟ್‌ಮೆಂಟ್ ಕೊಡುತ್ತೇವೆ, ಸಲೈನ್ ಹಾಗೆ ಏರಿಸುತ್ತೇವೆ, ಮೂರೂವರೆ ಲಕ್ಷ ಆಗುತ್ತದೆ ಅನ್ನುತ್ತಿದ್ದಾರೆ. ಸೊಸೈಟಿಯಲ್ಲಿ ಸಾಲಕ್ಕೆ ಕೇಳಿದ್ದೇನೆ. ಕೊಡಿಸಬಹುದಾ? ಇನ್ನೊಂದು ಮಾತು. ಚಿಕ್ಕ ಮಗನಿಗೆ ಏಳು ವರ್ಷ. ಅವನಿಗೂ ಬರುತ್ತದಾ? ಬೇಸಿಗೆಯಲ್ಲಿ ಕರೆಂಟ್ ಹೋದಾಗ ಇನ್ಸುಲಿನ್ ಎಲ್ಲಿ ಇಡಬೇಕು ಅಂತಲೂ ಹೇಳಿ.

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಕೊಡಬೇಡಿ. ಅಡ್ವಾನ್ಸ್ ಅಂತ ಸಾವಿರ ರೂಪಾಯಿಯನ್ನೂ ಕೊಡಬೇಡಿ. ಸೊಸೈಟಿಯವರಿಗೆ ಸಾಲ ಬೇಡ ಅಂತ ಹೇಳಿಬಿಡಿ.

ಹಾಗಂತ ನೀವು ಓದಿದ ಸುದ್ದಿ ಸುಳ್ಳಲ್ಲ. ಇಲ್ಲಿ ಇರುವ ಫಜೀತಿಯೇ ಇದು. ಪೂರ್ತಿ ಸುಳ್ಳಾಗಿದ್ದರೆ ಎರಡು ಸಾಲಲ್ಲಿ ಬರೆದು ಮುಗಿಸುತ್ತಿದ್ದೆ. ಸುದ್ದಿ ನಿಜ, ಆ ಸುದ್ದಿಯ ಕಟಿಂಗ್ ತೋರಿಸಿ ನಿಮಗೆ ಮಾರುತ್ತಿರುವ ಮಾಲು ಬೇರೆ. ಎರಡೂ ಹೇಗೆ ಬೇರೆ ಅಂತ ನಿಧಾನಕ್ಕೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಟ್ಟೆಯ ಹಿಂದೆ ಪ್ಯಾಂಕ್ರಿಯಾಸ್ ಅನ್ನೋ ಗ್ರಂಥಿ ಇದೆ. ಅದರೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಕೆಲವು ಕೋಶಗಳು ಕೂತಿರುತ್ತವೆ. ಲ್ಯಾಂಗರ್‌ಹಾನ್ಸ್ ಅನ್ನೋ ಜರ್ಮನ್ ವಿದ್ಯಾರ್ಥಿ 1869ರಲ್ಲಿ ಇವುಗಳನ್ನು ಮೊದಲು ಗುರುತಿಸಿದ. ದ್ವೀಪಗಳ ಹಾಗೆ ಕಾಣುತ್ತವೆ ಅಂತ ಐಲೆಟ್ ಅಂತಲೇ ಹೆಸರು ಬಂತು. ಇನ್ಸುಲಿನ್ ತಯಾರಾಗುವುದು ಈ ಐಲೆಟ್‌ಗಳಲ್ಲಿರುವ ಬೀಟಾ ಕೋಶಗಳಲ್ಲಿ. ನಿಮ್ಮ ಮಗಳ ಮೈಯನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ಈ ಬೀಟಾ ಕೋಶಗಳನ್ನು ಕಳ್ಳರು ಅಂದುಕೊಂಡು ಹೊಡೆದುಹಾಕಿದೆ. ಅವಳು ಸಿಹಿ ಜಾಸ್ತಿ ತಿಂದಿದ್ದಕ್ಕೆ ಬಂದದ್ದಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಅಂತಿದ್ದರೆ ಈ ಸಾಲನ್ನು ಅವರಿಗೆ ಓದಿ ಹೇಳಿ.

ಈ ಕಾವಲು ಪಡೆಯ ವಿಷಯ ನೆನಪಿರಲಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ನೂರು ವರ್ಷದ ಹಿಂದೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹುಡುಗನಿಗೆ ಚುಚ್ಚಿದರು. ಮೊದಲ ಇಂಜೆಕ್ಷನ್ ಶುದ್ಧ ಇರಲಿಲ್ಲ, ಅಲರ್ಜಿ ಆಯಿತು. ಕಾಲಿಪ್ ಅನ್ನೋ ಇನ್ನೊಬ್ಬರು ಹತ್ತು-ಹನ್ನೆರಡು ದಿನ ಕೂತು ಅದನ್ನು ಶುದ್ಧ ಮಾಡಿಕೊಟ್ಟ ಮೇಲೆ ಕೆಲಸ ಮಾಡಿತು. ಆಮೇಲೆ ಸುಮಾರು ಅರವತ್ತು ವರ್ಷ ಇನ್ಸುಲಿನ್ ಬರುತ್ತಿದ್ದದ್ದು ದನ, ಹಂದಿಗಳ ಪ್ಯಾಂಕ್ರಿಯಾಸ್‌ನಿಂದ. 1978ರಲ್ಲಿ ಮನುಷ್ಯರ ಇನ್ಸುಲಿನ್ ಜೀನ್ ಅನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರ ಕೈಯಲ್ಲೇ ಇನ್ಸುಲಿನ್ ಮಾಡಿಸಿದರು. 1982ಕ್ಕೆ ಅದು ಮಾರ್ಕೆಟ್‌ಗೆ ಬಂತು.

ಇದು ನಿಮಗೆ ನನಗಿಂತ ಚೆನ್ನಾಗಿ ಅರ್ಥ ಆಗಬೇಕು. ನಿಮ್ಮ ಡಿಸ್ಟಿಲರಿಯ ಟ್ಯಾಂಕಿನಲ್ಲಿ ಯೀಸ್ಟ್ ಕಾಕಂಬಿ ತಿಂದು ಸ್ಪಿರಿಟ್ ಮಾಡುತ್ತದೆ, ಅಲ್ವಾ? ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದ ಇನ್ಸುಲಿನ್ ಕೂಡ ಒಂದು ಜಾತಿಯ ಯೀಸ್ಟ್ ಟ್ಯಾಂಕಿನಲ್ಲಿ ಮಾಡಿಕೊಟ್ಟದ್ದೇ. ಆ ಯೀಸ್ಟ್‌ಗೆ ಇನ್ಸುಲಿನ್ ಮಾಡೋ ವಿದ್ಯೆ ಕಲಿಸಿದ್ದಾರೆ, ಅಷ್ಟೇ ವ್ಯತ್ಯಾಸ. ಟ್ಯಾಂಕಿನ ಬಿಸಿ ಹದ ಮೀರಿದರೆ, ಬೇರೆ ಸೂಕ್ಷ್ಮಜೀವಿ ಸೇರಿಕೊಂಡರೆ ಇಡೀ ಬ್ಯಾಚ್ ಹಾಳು ಅನ್ನೋದು ನಿಮಗೆ ಗೊತ್ತಿರುತ್ತದೆ. ಈಗ ಯೋಚಿಸಿ. ಯೀಸ್ಟ್ ಬೆಳೆಸೋದೇ ಇಷ್ಟು ಸೂಕ್ಷ್ಮ ಆದರೆ ಮನುಷ್ಯರ ಬೀಟಾ ಕೋಶ ಬೆಳೆಸೋದು ಎಷ್ಟು ಕಷ್ಟ ಇರಬೇಕು?

ಆ ಕಷ್ಟ ದಾಟಿದವರು ಡಗ್ಲಸ್ ಮೆಲ್ಟನ್, ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ವಿಜ್ಞಾನಿ. ಅವರೂ ನಿಮ್ಮ ಹಾಗೆ ಒಬ್ಬ ತಂದೆ. ಮಗ ಆರು ತಿಂಗಳ ಕೂಸಿದ್ದಾಗಲೇ ಅವನಿಗೆ ಟೈಪ್ 1 ಬಂತು, ಮುಂದೆ ಮಗಳಿಗೂ ಬಂತು. ಮೊದಲು ಅವರು ಕಪ್ಪೆಯ ಭ್ರೂಣದ ಮೇಲೆ ಕೆಲಸ ಮಾಡುತ್ತಿದ್ದವರು. ಮಗನ ಕಾಯಿಲೆ ನೋಡಿ ಅದನ್ನು ಬಿಟ್ಟು ಬೀಟಾ ಕೋಶದ ಹಿಂದೆ ಬಿದ್ದರು. ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು. 2014ರಲ್ಲಿ ಅವರ ಲ್ಯಾಬ್ ಸ್ಟೆಮ್ ಸೆಲ್‌ನಿಂದ ಕೋಟಿಗಟ್ಟಲೆ ಬೀಟಾ ಕೋಶ ಮಾಡೋ ದಾರಿ ತೋರಿಸಿತು. ಸ್ಟೆಮ್ ಸೆಲ್ ಅಂದರೆ ಇನ್ನೂ ಯಾವ ಕೆಲಸ ಅಂತ ನಿರ್ಧಾರ ಆಗದ ಕೋಶ. ಅದಕ್ಕೆ ವಾರಗಟ್ಟಲೆ ಹಂತ ಹಂತವಾಗಿ ಬೇರೆ ಬೇರೆ ರಾಸಾಯನಿಕ ಕೊಟ್ಟು, ‘ನೀನು ಬೀಟಾ ಕೋಶ ಆಗು’ ಅಂತ ಒಲಿಸಬೇಕು. ಮೆಲ್ಟನ್ ಒಂದು ಕಂಪನಿ ಮಾಡಿ ಅದಕ್ಕೆ ಮಗ ಸ್ಯಾಮ್, ಮಗಳು ಎಮ್ಮಾ ಇಬ್ಬರ ಹೆಸರು ಕೂಡಿಸಿ ಸೆಮ್ಮಾ ಅಂತ ಇಟ್ಟರು. 2019ರಲ್ಲಿ ವರ್ಟೆಕ್ಸ್ ಅನ್ನೋ ದೊಡ್ಡ ಕಂಪನಿ ಅದನ್ನು 95 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ನೀವು ಓದಿದ ಅಮೆರಿಕದ ಸುದ್ದಿ ಇದರ ಮುಂದುವರಿಕೆ. 2025ರ ಜೂನ್‌ನಲ್ಲಿ ಫಲಿತಾಂಶ ಬಂತು. ಪೂರ್ತಿ ಡೋಸ್, ಅಂದರೆ ಸುಮಾರು 80 ಕೋಟಿ ಕೋಶ ಪಡೆದವರು 12 ಜನ. ಲಿವರ್‌ಗೆ ಹೋಗೋ ರಕ್ತನಾಳದ ಮೂಲಕ ಅವನ್ನು ಬಿಟ್ಟರು. ಕೋಶಗಳು ಲಿವರ್‌ನಲ್ಲೇ ಬೀಡುಬಿಟ್ಟು ಇನ್ಸುಲಿನ್ ಮಾಡತೊಡಗಿದವು. ವರ್ಷದ ಕೊನೆಗೆ 12ರಲ್ಲಿ 10 ಜನಕ್ಕೆ ಹೊರಗಿನ ಇನ್ಸುಲಿನ್ ಬೇಕಾಗಲಿಲ್ಲ. ಹತ್ತು ಜನ! ಇದನ್ನು ಓದಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ, ಸುಮ್ನೆ ಹೇಳುತ್ತಿಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಸೂಜಿ ಹಿಡಿಯೋದು ಕಲಿಸುತ್ತಾ ಬಂದವನು ನಾನು.

ಈಗ ಆ ಕಟಿಂಗ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರದೇ ಇರೋ ಭಾಗಕ್ಕೆ ಬರೋಣ. ಕಾವಲು ಪಡೆ ನೆನಪಿದೆ ಅಲ್ವಾ? ಹೊಸ ಕೋಶ ಹಾಕಿದರೆ ಅದು ಸುಮ್ಮನೆ ಕೂರೋದಿಲ್ಲ. ಎರಡು ಕಾರಣಕ್ಕೆ ಮೈಮೇಲೆ ಬೀಳುತ್ತದೆ. ಒಂದು, ಇದು ಬೇರೆಯವರ ಕೋಶ. ಇನ್ನೊಂದು, ಇದು ಬೀಟಾ ಕೋಶ, ಅದಕ್ಕೆ ಹಳೇ ದ್ವೇಷ. ಹಾಗಾಗಿ ಆ 12 ಜನರೂ ರೋಗನಿರೋಧಕ ಶಕ್ತಿಯನ್ನು ಅದುಮಿಡೋ ಔಷಧ ತಗೊಳ್ಳಲೇಬೇಕು. ಕಿಡ್ನಿ ಕಸಿ ಮಾಡಿಸಿಕೊಂಡವರು ಜೀವನಪೂರ್ತಿ ತಗೊಳ್ಳುತ್ತಾರಲ್ಲ, ಆ ಥರದ ಔಷಧ. ಅದನ್ನು ತಗೊಂಡರೆ ಸಾಮಾನ್ಯ ಸೋಂಕೂ ದೊಡ್ಡದಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು, ವರ್ಷಗಳು ಕಳೆದಂತೆ ಕೆಲವು ಕ್ಯಾನ್ಸರ್‌ಗಳ ಭಯವೂ ಇದೆ. ಈ ಅಧ್ಯಯನದಲ್ಲಿ ಒಟ್ಟು 14 ಜನ ಇದ್ದರು, ಅವರಲ್ಲಿ ಇಬ್ಬರು ತೀರಿಕೊಂಡರು. ಒಬ್ಬರದು ಮರೆವಿನ ಕಾಯಿಲೆ ಜಾಸ್ತಿಯಾಗಿ. ಇನ್ನೊಬ್ಬರದು ಮೆದುಳಿನ ಪೊರೆಗೆ ಫಂಗಸ್ ಸೋಂಕು ತಗುಲಿ. ಕೋಶದಿಂದ ಸತ್ತರು ಅಂತಲ್ಲ. ಆದರೆ ನಿರೋಧಕ ಶಕ್ತಿ ಕುಗ್ಗಿದವರನ್ನೇ ಆ ಫಂಗಸ್ ಹುಡುಕಿಕೊಂಡು ಬರುತ್ತದೆ.

ಹಾಗಾದರೆ ಇಷ್ಟು ಅಪಾಯ ಯಾಕೆ ತಗೊಂಡರು ಅಂತ ಕೇಳಬಹುದು. ಇದಕ್ಕೆ ಆರಿಸಿದ್ದು ದೊಡ್ಡವರನ್ನು ಮಾತ್ರ. ಅದರಲ್ಲೂ ಶುಗರ್ ಇಳಿಯೋದು ತಮಗೇ ಗೊತ್ತಾಗದೆ ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುತ್ತಿದ್ದವರು. ಗಾಡಿ ಓಡಿಸುವಾಗ, ನಿದ್ದೆಯಲ್ಲಿ ಯಾವಾಗ ಬೇಕಾದರೂ ಜೀವ ಹೋಗಬಹುದಾದವರು. ಅವರಿಗೆ ಈ ತಕ್ಕಡಿ ಸರಿ ತೂಗುತ್ತದೆ. ಶಾಲೆಗೆ ಹೋಗಿ ಆಡಿಕೊಂಡಿರುವ 11 ವರ್ಷದ ಹುಡುಗಿಗೆ ತೂಗೋದಿಲ್ಲ. ಒಂದು ಕಾಯಿಲೆ ಬಿಡಿಸಿ ಇನ್ನೊಂದು ಅಂಟಿಸಿದ ಹಾಗಾಗುತ್ತದೆ.

ಚೀನಾದ ಸುದ್ದಿ 2024ರದ್ದು. ಟಿಯಾಂಜಿನ್ ನಗರದಲ್ಲಿ 25 ವರ್ಷದ ಹುಡುಗಿಗೆ ಅವಳದೇ ಮೈಯ ಕೋಶ ತೆಗೆದು, ಅದನ್ನು ಸ್ಟೆಮ್ ಸೆಲ್ ಮಾಡಿ, ಐಲೆಟ್ ಮಾಡಿ, ಹೊಟ್ಟೆಯ ಸ್ನಾಯುವಿನ ಪೊರೆಯೊಳಗೆ ಇಟ್ಟರು. 75 ದಿನದಲ್ಲಿ ಇನ್ಸುಲಿನ್ ನಿಂತಿತು. ವರ್ಷ ಕಳೆದರೂ ಬೇಕಾಗಲಿಲ್ಲ. ಓದಿದಾಗ ಎಲ್ಲರೂ ಅಂದುಕೊಂಡಿದ್ದು, ತನ್ನದೇ ಕೋಶ ಆದ್ದರಿಂದ ಗಲಾಟೆ ಇಲ್ಲ ಅಂತ. ಆದರೆ ಆ ಹುಡುಗಿಗೆ ಮೊದಲೇ ಲಿವರ್ ಕಸಿ ಆಗಿತ್ತು. ಅದಕ್ಕಾಗಿ ನಿರೋಧಕ ಶಕ್ತಿ ತಗ್ಗಿಸೋ ಔಷಧ ತಗೊಳ್ಳುತ್ತಲೇ ಇದ್ದಳು. ಅಂದಮೇಲೆ ಹಳೇ ದ್ವೇಷದವರು ಆ ಕೋಶಗಳನ್ನು ಸುಮ್ಮನೆ ಬಿಟ್ಟಿದ್ದು ತಮ್ಮವರೇ ಅಂತಲೋ, ಔಷಧದ ಭಯಕ್ಕೋ ಅಂತ ಅವಳೊಬ್ಬಳನ್ನೇ ನೋಡಿ ಹೇಳೋಕಾಗೋದಿಲ್ಲ.

ನನ್ನನ್ನು ಕೇಳಿದರೆ ಈ ಎಲ್ಲಕ್ಕಿಂತ ಕಣ್ಣಿಟ್ಟು ನೋಡಬೇಕಾದದ್ದು ಸ್ವೀಡನ್ನಿನ ಕೆಲಸ. ಅದು ಪೇಪರ್‌ನಲ್ಲಿ ಅಷ್ಟೇನೂ ದೊಡ್ಡದಾಗಿ ಬರಲಿಲ್ಲ, ಯಾಕೆಂದರೆ ‘ವಾಸಿ’ ಅನ್ನೋ ಪದ ಅದರಲ್ಲಿಲ್ಲ. ಉಪ್ಸಲಾ ಊರಿನ ಆಸ್ಪತ್ರೆಯಲ್ಲಿ 42 ವರ್ಷದ ಒಬ್ಬರಿಗೆ, ತೀರಿಕೊಂಡ ದಾನಿಯ ಐಲೆಟ್ ಕೋಶಗಳನ್ನು ಮುಂಗೈ ಸ್ನಾಯುವಿಗೆ ಚುಚ್ಚಿದರು. ಹಾಕುವ ಮೊದಲು ಆ ಕೋಶಗಳ ಜೀನ್ ತಿದ್ದಿದ್ದರು. ನಮ್ಮ ಬಹುತೇಕ ಕೋಶಗಳ ಮೈಮೇಲೆ ‘ನಾನು ಇಂಥವರ ಮನೆಯವನು’ ಅನ್ನೋ ಗುರುತಿನ ಚೀಟಿ ಇರುತ್ತದೆ. ಅದನ್ನು ಕಿತ್ತುಹಾಕಿದರು. ಚೀಟಿಯೇ ಇಲ್ಲದ ಕೋಶವನ್ನು ಹಿಡಿಯೋ ಬೇರೆ ಪೊಲೀಸರೂ ಮೈಯಲ್ಲಿದ್ದಾರೆ. ಅವರಿಗಾಗಿ ಸಿಡಿ47 ಅನ್ನೋ ಪ್ರೋಟೀನ್ ಜಾಸ್ತಿ ಮಾಡಿದರು. ಅದು ‘ನನ್ನನ್ನು ತಿನ್ನಬೇಡ’ ಅನ್ನೋ ಬೋರ್ಡ್ ಇದ್ದ ಹಾಗೆ. ನಿರೋಧಕ ಶಕ್ತಿ ತಗ್ಗಿಸೋ ಒಂದು ಗುಳಿಗೆಯನ್ನೂ ಕೊಡಲಿಲ್ಲ. 12 ವಾರ ಆದಮೇಲೂ ಕೋಶಗಳು ಬದುಕಿದ್ದವು, ಇನ್ಸುಲಿನ್ ಮಾಡುತ್ತಿದ್ದವು. ಹಾಕಿದ್ದು ತೀರಾ ಕಡಿಮೆ, ಹಾಗಾಗಿ ಆ ಮನುಷ್ಯ ಈಗಲೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅವರೇನೂ ವಾಸಿ ಮಾಡಲು ಹೊರಟಿರಲಿಲ್ಲ, ಕೋಶ ಉಳಿಯುತ್ತದಾ ಅಂತ ನೋಡುತ್ತಿದ್ದರು. ಉಳಿಯಿತು. ನಿಮ್ಮ ಮಗಳಿಗೆ ಬೇಕಾಗಿರೋ ಬಾಗಿಲು ಇದು, ಒಂದು ಬೆರಳಷ್ಟು ತೆರೆದಿದೆ.

ಇನ್ನೊಂದು ದಾರಿ ಮುಚ್ಚಿಹೋಗಿದ್ದನ್ನೂ ಹೇಳಬೇಕು. ಕೋಶಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು, ಇನ್ಸುಲಿನ್ ಹೊರಗೆ ಬರಲಿ, ಕಾವಲು ಪಡೆ ಒಳಗೆ ಹೋಗದಿರಲಿ ಅಂತ ವರ್ಟೆಕ್ಸ್‌ನವರೇ ಪ್ರಯತ್ನಪಟ್ಟರು. ಕೇಳೋಕೆ ಎಷ್ಟು ಚೆಂದ ಅಲ್ವಾ? ಸಾಕಷ್ಟು ಇನ್ಸುಲಿನ್ ಬರಲಿಲ್ಲ ಅಂತ 2025ರ ಮಾರ್ಚ್‌ನಲ್ಲಿ ಕೈಬಿಟ್ಟರು.

ಯಾವಾಗ ಬರುತ್ತದೆ ಅಂತ ನೀವು ಕೇಳೇ ಕೇಳುತ್ತೀರಿ. ಇಸವಿ ಹೇಳುವವರನ್ನು ನಂಬಬೇಡಿ. 2000ನೇ ಇಸವಿಯಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ದಾನಿಗಳ ಐಲೆಟ್ ಹಾಕಿ ಏಳಕ್ಕೆ ಏಳೂ ಜನರ ಇನ್ಸುಲಿನ್ ಬಿಡಿಸಿದ್ದರು. ಇನ್ನೇನು ಐದು ವರ್ಷ ಸಾಕು ಅಂತ ನಾವೆಲ್ಲ ಕುಣಿದಿದ್ದೆವು. ಐದು ವರ್ಷಕ್ಕೆ ಹಾಗೆ ಕಸಿ ಮಾಡಿಸಿಕೊಂಡವರಲ್ಲಿ ಇನ್ಸುಲಿನ್ ಇಲ್ಲದೆ ಉಳಿದಿದ್ದವರು ನೂರಕ್ಕೆ ಹತ್ತು ಮಂದಿ. ಆ ಪಾಠ ನನಗೆ ಮರೆತಿಲ್ಲ.

ಈಗ ಆ ಮೂರೂವರೆ ಲಕ್ಷದ ಸಲೈನ್. ಇಂಥ ಕಡೆ ಸಾಮಾನ್ಯವಾಗಿ ಏರಿಸುವುದು ಮೂಳೆಮಜ್ಜೆಯಿಂದಲೋ, ಹೊಟ್ಟೆಯ ಕೊಬ್ಬಿನಿಂದಲೋ, ಹೊಕ್ಕಳಬಳ್ಳಿಯಿಂದಲೋ ತೆಗೆದ ಕೋಶಗಳನ್ನು. ಅವು ಬೀಟಾ ಕೋಶ ಅಲ್ಲ. ಮೈಯೊಳಗೆ ಹೋಗಿ ತಾವಾಗೇ ಬೀಟಾ ಕೋಶ ಆಗಿಬಿಡುತ್ತವೆ ಅನ್ನೋದಕ್ಕೆ ಆಧಾರ ಇಲ್ಲ. ಕಾಕಂಬಿಯನ್ನು ಯೀಸ್ಟ್ ಇಲ್ಲದೆ ಗದ್ದೆಗೆ ಸುರಿದು ಸ್ಪಿರಿಟ್ ಬರುತ್ತೆ ಅಂತ ಕೂತ ಹಾಗೆ. ನಮ್ಮ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲಿ ಹೊರಡಿಸಿದ ಸ್ಟೆಮ್ ಸೆಲ್ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡೋ ಮೂಳೆಮಜ್ಜೆ ಥರದ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ. ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬೇಕು, ಅದಕ್ಕೆ ರೋಗಿಯಿಂದ ದುಡ್ಡು ಇಸಿದುಕೊಳ್ಳುವ ಹಾಗಿಲ್ಲ. ದುಡ್ಡು ಕೇಳಿದರು ಅಂದರೆ ಅಲ್ಲಿಗೇ ಗೊತ್ತಾಯಿತು. ನಿಜವಾದ ಪ್ರಯೋಗ ಆದರೆ ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ಅದಕ್ಕೊಂದು ನಂಬರ್ ಇರುತ್ತದೆ. ಮೊಬೈಲ್‌ನಲ್ಲೇ ನೋಡಬಹುದು. ಆ ನಂಬರ್ ಕೇಳಿ ನೋಡಿ, ಫೋನ್ ಇಟ್ಟುಬಿಡುತ್ತಾರೆ.

ದುಡ್ಡು ಹೋದರೆ ದುಡಿಯಬಹುದು. ನನಗೆ ಭಯ ಬೇರೆ. ಕೆಲವು ವರ್ಷಗಳ ಹಿಂದೆ ಕೃಷ್ಣಾ ದಂಡೆಯ ಒಂದು ಹಳ್ಳಿಯಿಂದ ಎಂಟು ವರ್ಷದ ಹುಡುಗನನ್ನು ಬೆಳಗಾವಿಗೆ ಎತ್ತಿಕೊಂಡು ಬಂದರು. ಉಸಿರು ದೊಡ್ಡದಾಗಿ, ಆಳವಾಗಿ ಎಳೆಯುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ನಾಲಿಗೆ ಒಣಗಿ ಹಪ್ಪಳದ ಹಾಗಾಗಿತ್ತು. ಯಾರೋ ಏನೋ ಏರಿಸಿ, ಇನ್ನು ಇನ್ಸುಲಿನ್ ಬೇಡ ಅಂದಿದ್ದರಂತೆ. ನಾಲ್ಕು ದಿನ ನಿಲ್ಲಿಸಿದ್ದರು. ಐಸಿಯುನಲ್ಲಿ ಮೂರು ದಿನ ಹೆಣಗಿ ಉಳಿಸಿಕೊಂಡೆವು. ಅವನ ಅಜ್ಜಿ ವಾರ್ಡಿನ ಹೊರಗೆ ಕೂತು, ‘ಎಪ್ಪಾ, ಚಲೋ ಆಗ್ತೈತಿ ಅಂದ್ರಲ್ಲೋ’ ಅಂತ ಅದೊಂದೇ ಮಾತು ಹೇಳುತ್ತಿದ್ದರು. ಟೈಪ್ 1 ಇದ್ದವರು ಇನ್ಸುಲಿನ್ ನಿಲ್ಲಿಸಿದರೆ ಲೆಕ್ಕ ದಿನಗಳದ್ದು. ಹಾಗಲಕಾಯಿ, ಬೇವು ಬೇಕಾದರೆ ತಿನ್ನಲಿ. ಪಲ್ಯ, ಚಟ್ನಿ ಆಗಿ ತಿನ್ನಲಿ, ಇನ್ಸುಲಿನ್ ಬದಲಿಗೆ ಅಲ್ಲ.

ಹಾಗಾದರೆ ಅಲ್ಲಿವರೆಗೆ ಸುಮ್ಮನೆ ಕಾಯೋದಾ ಅಂದರೆ, ಇಲ್ಲ. ಅಮೆರಿಕ, ಕೆನಡಾದಲ್ಲಿ 1,441 ಜನರನ್ನು ಸರಾಸರಿ ಆರೂವರೆ ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 1993ರಲ್ಲಿ ಬಂತು. ಶುಗರ್ ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ಹೊಸದಾಗಿ ಕಣ್ಣು ಹಾಳಾಗೋದು ಶೇ 76ರಷ್ಟು ಕಡಿಮೆ ಇತ್ತು. ಯಾವ ಸ್ಟೆಮ್ ಸೆಲ್ಲೂ ಇಷ್ಟು ಜನರಲ್ಲಿ ಇಷ್ಟು ವರ್ಷ ಇಂಥ ಲಾಭ ತೋರಿಸಿಲ್ಲ. ಮುಂದೆ ಜೀನ್ ತಿದ್ದಿದ ಕೋಶ ಬರಲಿ, ಮತ್ತೊಂದು ಬರಲಿ, ಹೋದ ಕಣ್ಣನ್ನು, ಹೋದ ಕಿಡ್ನಿಯನ್ನು ಅವು ತಂದುಕೊಡೋದಿಲ್ಲ. ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್ (ಎಚ್‌ಬಿಎ1ಸಿ) ಏಳರ ಆಸುಪಾಸು ಇರಲಿ. ಆ ಮೂರೂವರೆ ಲಕ್ಷದ ಒಂದು ಸಣ್ಣ ಭಾಗದಷ್ಟು ದುಡ್ಡಲ್ಲಿ, ಸಾಲ ಇಲ್ಲದೆಯೇ, ಶುಗರ್ ನೋಡೋ ಸ್ಟ್ರಿಪ್ ಜಾಸ್ತಿ ತಗೊಳ್ಳಿ, ಆಗುವುದಾದರೆ ತೋಳಿಗೆ ಅಂಟಿಸೋ ಸೆನ್ಸರ್ ಹಾಕಿಸಿ. ಎರಡು ವಾರ ಹಾಕಿ ನೋಡಿದರೂ ಅವಳ ರೊಟ್ಟಿ, ಅನ್ನ, ಆಟ ಯಾವುದಕ್ಕೆ ಶುಗರ್ ಹೇಗೆ ಏರಿಳಿಯುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಶಾಲೆಯ ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. 70ಕ್ಕಿಂತ ಕೆಳಗೆ ಬಂದರೆ ಎರಡು-ಮೂರು ಸಣ್ಣ ಚಮಚ ನೀರಲ್ಲಿ ಕಲಸಿ ಕುಡಿಯಲಿ, 15 ನಿಮಿಷ ಬಿಟ್ಟು ಮತ್ತೆ ನೋಡಲಿ. ಅದಿಲ್ಲದಿದ್ದರೆ ಸಕ್ಕರೆ, ಅದೂ ಇಲ್ಲದಿದ್ದರೆ ನಿಮ್ಮ ಮಹಾಲಿಂಗಪುರದ ಬೆಲ್ಲ. ಕೊಬ್ಬು ಇರೋದರಿಂದ ಚಾಕೊಲೇಟ್ ನಿಧಾನ, ಬೇಡ.

ಇನ್ಸುಲಿನ್ ಇಡೋ ವಿಷಯ ಕೇಳಿದ್ದು ಬಹಳ ಒಳ್ಳೇದಾಯಿತು. ಡೋಸ್ ಸರಿ ಇದ್ದೂ ಶುಗರ್ ಏರುತ್ತಿದ್ದರೆ ಏಪ್ರಿಲ್-ಮೇ ತಿಂಗಳಲ್ಲಿ ನಾನು ಮೊದಲು ಕೇಳೋದೇ ಬಾಟ್ಲಿ ಎಲ್ಲಿಟ್ಟಿದ್ದೀರಿ ಅಂತ. ಒಡೆಯದ ಬಾಟ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಫ್ರೀಜರ್ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಲೇಬೇಕು. ಶುರು ಮಾಡಿದ ಬಾಟ್ಲಿ ತಂಪು ಜಾಗದಲ್ಲಿ ಸಾಮಾನ್ಯವಾಗಿ 28 ದಿನ ಬರುತ್ತದೆ. ಆದರೆ ನಮ್ಮ ಕಡೆ ಪತ್ರಾಸ್ ಕೆಳಗಿನ ಕೋಣೆ 40 ದಾಟುತ್ತದೆ, ಅಲ್ಲಿ ಬರೋದಿಲ್ಲ. ಕರೆಂಟ್ ನಂಬೋ ಹಾಗಿಲ್ಲ ಅಂದರೆ ಗಡಿಗೆ ಮಾಡಿ. ಅಗಲ ಬಾಯಿಯ ಒಂದು ಹರವಿ ತಗೊಳ್ಳಿ, ತಳಕ್ಕೆ ಉಸುಕು ಹಾಕಿ. ಒಳಗೊಂದು ಸಣ್ಣ ಮಣ್ಣಿನ ಗಡಿಗೆ ಕೂರಿಸಿ. ಎರಡರ ನಡುವೆ ಪೂರ್ತಿ ಉಸುಕು ತುಂಬಿ, ಬೆಳಿಗ್ಗೆ ಸಂಜೆ ನೀರು ಹಾಕುತ್ತಿರಿ. ಬಾಟ್ಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು, ಮೇಲೆ ಹಸಿ ಬಟ್ಟೆ ಮುಚ್ಚಿ. ಗಡಿಗೆ ಹೊಸದಿರಲಿ, ಬಣ್ಣ ಹಚ್ಚಿದ್ದು ಬೇಡ, ಬಣ್ಣದ ಮೈಯಿಂದ ನೀರು ಆರೋದಿಲ್ಲ. ಗಾಳಿ ಆಡೋ ನೆರಳಲ್ಲಿಡಿ. ಬಾಗಲಕೋಟೆ, ವಿಜಯಪುರದ ಒಣ ಬಿಸಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಗಾಳಿಯೇ ಹಸಿ, ಅಷ್ಟು ತಂಪಾಗೋದಿಲ್ಲ, ಆದರೆ ಆಗ ಬೇಕಾಗೋದೂ ಇಲ್ಲ.

ಕೊನೆಗೆ ಮಗನ ಮಾತು. ಅಕ್ಕನಿಗೆ ಇದ್ದರೆ ತಮ್ಮನಿಗೆ ಬರೋ ಸಾಧ್ಯತೆ ನೂರಕ್ಕೆ ಸುಮಾರು ಐದು. ಅಂದರೆ 95 ಪಾಲು ಬರೋದಿಲ್ಲ. ಕಾಯಿಲೆ ಹೊರಬೀಳೋ ಮೊದಲೇ ಹಿಡಿದು ಸುಮಾರು ಎರಡು ವರ್ಷ ಮುಂದಕ್ಕೆ ತಳ್ಳೋ ಟೆಪ್ಲಿಜುಮ್ಯಾಬ್ ಅನ್ನೋ ಔಷಧಕ್ಕೆ ಅಮೆರಿಕ 2022ರ ನವೆಂಬರ್‌ನಲ್ಲಿ ಎಂಟು ವರ್ಷ ದಾಟಿದವರಿಗೆ ಒಪ್ಪಿಗೆ ಕೊಟ್ಟಿತು. 14 ದಿನ ಸತತ ಏರಿಸಬೇಕು. ಅಲ್ಲಿಯ ಬೆಲೆ ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಗೂ ಜಾಸ್ತಿ. ಅದರ ಚಿಂತೆ ಈಗ ಬೇಡ. ಮಗ ಪದೇ ಪದೇ ನೀರು ಕೇಳಿದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾದರೆ, ಚೆನ್ನಾಗಿ ಉಂಡೂ ಸೊರಗಿದರೆ, ಮನೆಯಲ್ಲಿರೋ ಮೀಟರ್‌ನಲ್ಲಿ ಅವನ ಬೆರಳಿಗೂ ಒಂದು ಸಲ ಚುಚ್ಚಿ ನೋಡಿ. 200 ದಾಟಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಅಮವಾಸ್ಯೆ, ಸಂತೆ ಅಂತ ನಾಳೆಗೆ ಇಡಬೇಡಿ.